ಕಡಲೆಕಾಳಿನ ಲೆಕ್ಕ

ನಾನು ಗಾಲ್ಫ್ ಆಡುತ್ತೇನೆ ಎಂದರೆ ಮೈಸೂರಿನವರು ಒಮ್ಮೆ ನನ್ನ ಮುಖವನ್ನು, ಒಮ್ಮೆ ನನ್ನ ಸೀರೆಯನ್ನು ನೋಡಿ ಸುಮ್ಮನಾಗುತ್ತಾರೆ. ನಮ್ಮ ಕೊಪ್ಪಳದ ಕಡೆಯವರು ಹಾಗಲ್ಲ. ‘ಏನ್ ಆಡ್ತೀರಿ?’ ಎಂದು ನನ್ನನ್ನು ಎರಡು ಸಲ ಕೇಳಿ, ಮೂರನೆಯ ಸಲ ನನ್ನ ಯಜಮಾನರನ್ನು ಕೇಳಿ ಖಾತ್ರಿ ಮಾಡಿಕೊಳ್ಳುತ್ತಾರೆ. ಅವರದೇನೂ ತಪ್ಪಿಲ್ಲ. ಯಲಬುರ್ಗಾ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಹುಟ್ಟಿ, ಲಂಗದ ತುದಿ ಸಿಕ್ಕಿಸಿಕೊಂಡು ಅಣ್ಣ ತಮ್ಮಂದಿರ ಜೊತೆ ಚಿಣಿಪಣಿ ಆಡಿದವಳು ನಾನು. ಐವತ್ತು ದಾಟಿದ ಮೇಲೆ ಕಬ್ಬಿಣದ ಕೋಲು ಹಿಡಿದು ಸಣ್ಣ ಚೆಂಡಿನ ಹಿಂದೆ ಮೈಲುಗಟ್ಟಲೆ ನಡೆಯುತ್ತೇನೆಂದರೆ ಯಾರಿಗಾದರೂ ಸಂಶಯ ಬರಬೇಕಾದ್ದೇ.

ಇದು ಶುರುವಾದದ್ದು ಯಜಮಾನರ ಸಕ್ಕರೆ ಕಾಯಿಲೆಯಿಂದ. ದಿನಾ ನಡೆಯಬೇಕು ಎಂದು ವೈದ್ಯರು ಹೇಳಿದರು. ಸುಮ್ಮನೆ ನಡೆಯುವುದು ಬೇಸರವೆಂದು ಅವರ ಸ್ನೇಹಿತರೊಬ್ಬರು ರೇಸ್ ಕೋರ್ಸಿಗೆ ಅಂಟಿಕೊಂಡಂತಿರುವ ಗಾಲ್ಫ್ ಮೈದಾನಕ್ಕೆ ಅವರನ್ನು ಕರೆದೊಯ್ದರು. ನಾನು ತಿಂಡಿಯ ಡಬ್ಬಿ ಹಿಡಿದು ಹಿಂದೆ ಹೋದವಳು. ಮೂರು ತಿಂಗಳಲ್ಲಿ ಅವರು ಬಿಟ್ಟರು, ನಾನು ಹಿಡಿದೆ. ಚಾಮುಂಡಿ ಬೆಟ್ಟವನ್ನು ಎದುರಿಗೆ ಇಟ್ಟುಕೊಂಡು ಬೆಳಗಿನ ಹೊತ್ತು ಆ ಹುಲ್ಲಿನ ಮೇಲೆ ನಡೆಯುವ ಸುಖ ಅಂಥದು. ಆದರೆ ಆಟದಲ್ಲಿ ನಾನೇನೂ ದೊಡ್ಡವಳಲ್ಲ. ಹದಿನೆಂಟು ಕುಳಿಗಳನ್ನು ಬಲ್ಲವರು 72 ಪೆಟ್ಟಿಗೆ ಮುಗಿಸುವ ಕಡೆ ನನಗೆ 110 ಬೇಕು.

ಈ ಆಟದ ಲೆಕ್ಕವೇ ತಿರುಗುಮುರುಗು. ಬೇರೆ ಆಟಗಳಲ್ಲಿ ಎಣಿಕೆ ಹೆಚ್ಚಿದಷ್ಟೂ ಗೆಲುವು. ಇಲ್ಲಿ ಕಡಿಮೆಯಾದಷ್ಟೂ ಗೆಲುವು. ಇನ್ನೊಂದು ವಿಶೇಷವೆಂದರೆ ಪೆಟ್ಟುಗಳ ಲೆಕ್ಕವನ್ನು ಆಡುವವರೇ ಇಡಬೇಕು. ಪೊದೆಯ ಮರೆಯಲ್ಲಿ ನೀವು ಮೂರು ಸಲ ಬೀಸಿದಿರೋ ಐದು ಸಲವೋ, ಕಂಡವರಿರುವುದಿಲ್ಲ. ಐದನ್ನು ಐದೆಂದೇ ಬರೆಯುವುದು ಮರ್ಯಾದೆ.

ಆ ವರ್ಷ ಕೊಪ್ಪಳದ ಗವಿಸಿದ್ಧೇಶ್ವರ ಜಾತ್ರೆ ಮುಗಿದ ವಾರವೇ ತಮ್ಮನ ಫೋನು ಬಂತು. ಅವ್ವ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಕೆಳಗಿನ ಎಲುಬು ಮುರಿದಿತ್ತು. ಮಠದ ದಾಸೋಹಕ್ಕೆಂದು ಊರಿನ ಹೆಂಗಸರ ಜೊತೆ ಕೂತು ಒಂದು ದಿನವಿಡೀ ಜೋಳದ ರೊಟ್ಟಿ ಬಡಿದು ಕಳಿಸಿದ್ದ ಎಪ್ಪತ್ತಾರರ ಮುದುಕಿ, ಮರುವಾರ ಹುಬ್ಬಳ್ಳಿಯ ಆಸ್ಪತ್ರೆಯೊಂದರಲ್ಲಿ ಆಪರೇಷನ್ನಿಗೆ ಮಲಗಿದಳು. ನಾನು ಹಂಪಿ ಎಕ್ಸ್‌ಪ್ರೆಸ್ ಹಿಡಿದು ಹೊರಟೆ. ಗಾಲ್ಫಿನ ಚೀಲ ಮೈಸೂರಿನ ಮನೆಯಲ್ಲಿ ಕಪಾಟಿನ ಪಕ್ಕದಲ್ಲಿ ಉಳಿಯಿತು. ಅದರ ನೆನಪೂ ನನಗಿರಲಿಲ್ಲ.

ಆಪರೇಷನ್ನು ಚೆನ್ನಾಗಿಯೇ ಆಯಿತು. ವಾಕರ್ ಹಿಡಿದು ಕೆಲವು ಹೆಜ್ಜೆ ಹಾಕಿಸಿ ಊರಿಗೆ ಕಳಿಸಿದರು. ದಿನಕ್ಕೆ ನಾಲ್ಕು ಸಲ ನಡೆಸಬೇಕು, ಕೂತಲ್ಲೇ ಕೂತರೆ ಕಾಲು ಸೆಟೆದುಕೊಳ್ಳುತ್ತದೆ ಎಂದು ಎಚ್ಚರಿಸಿದರು. ಅವ್ವ ಊರು ಮುಟ್ಟಿದವಳು ನಡೆಯಲೊಲ್ಲೆ ಎಂದುಬಿಟ್ಟಳು. ನೋವಲ್ಲ, ನೋವನ್ನು ಆಕೆ ಲೆಕ್ಕಕ್ಕೆ ಹಿಡಿದವಳಲ್ಲ. ನಾಲ್ಕು ಹೆಜ್ಜೆ ಹಾಕುವಳು, ‘ಸಾಕು’ ಎಂದು ಕೂತುಬಿಡುವಳು. ನಾನು ಗದರಿಸಿದೆ, ತಮ್ಮ ಕೈಮುಗಿದ, ತಮ್ಮನ ಹೆಂಡತಿ ಅತ್ತೇಬಿಟ್ಟಳು. ಅವ್ವ ಒಂದೇ ಮಾತು ಹೇಳಿದಳು:

‘ನಡದು ಎಲ್ಲಿಗೆ ಹೋಗೂದೈತಿ ಹೇಳು? ಅಡಗಿ ಮನಿಗೆ ಬ್ಯಾಡ ಅಂತೀರಿ. ಹೊಲಕ್ಕ ಬ್ಯಾಡ ಅಂತೀರಿ. ಬಾಗಲದಿಂದ ಹಾಸಿಗಿ, ಹಾಸಿಗಿಯಿಂದ ಬಾಗಲ. ಇದಕ್ಯಾಕ ನಡೀಬೇಕು?’

ಈ ಪ್ರಶ್ನೆಗೆ ನನ್ನ ಹತ್ತಿರ ಉತ್ತರವಿರಲಿಲ್ಲ.

ಮೂರನೆಯ ವಾರ ಯಜಮಾನರು ಅತ್ತೆಯನ್ನು ನೋಡಲು ಬಂದರು. ಕೈಯಲ್ಲಿ ಹಳೆಯ ಬೆಡ್‌ಶೀಟು ಸುತ್ತಿದ ಉದ್ದನೆಯದೊಂದು ಗಂಟು. ಬಿಚ್ಚಿದರೆ ನನ್ನ ಏಳನೇ ನಂಬರಿನ ಕೋಲು, ಜೊತೆಗೆ ಆರು ಹಳೆಯ ಚೆಂಡು! ‘ಕೈ ಮರೆತುಹೋಗಬಾರದಲ್ಲ’ ಎಂದು ನಾಚಿಕೊಳ್ಳುತ್ತಾ ಹೇಳಿದರು. ಮದುವೆಯಾಗಿ ಇಪ್ಪತ್ತೆಂಟು ವರ್ಷಗಳಲ್ಲಿ ಕೇಳದೆ ತಂದುಕೊಟ್ಟ ವಸ್ತು ಅದೊಂದೇ ಎಂದು ನಾನು ನಕ್ಕೆ. ಪಡಸಾಲೆಯಲ್ಲಿ ಕೂತಿದ್ದ ಪಕ್ಕದ ಮನೆಯ ಹಿರಿಯರು, ‘ಅತ್ತಿಗೆ ಕೋಲು ತಂದೀರೇನ್ರಿ? ಚಲೋ ಆತು’ ಎಂದರು. ಅವ್ವ ಅದನ್ನು ಕೈಗೆ ಇಸಿದುಕೊಂಡು ತಿರುಗಿಸಿ ಮುರುಗಿಸಿ ನೋಡಿದಳು. ‘ತುದಿ ಸೊಟ್ಟ ಐತಿ, ಊರಾಕ ಬರೂದಿಲ್ಲ. ಅಂಗಡಿಯವ ಮೋಸ ಮಾಡ್ಯಾನ’ ಎಂದಳು.

ಮರುದಿನ ನಸುಕಿನಲ್ಲಿ ನಾನು ಕೋಲು ತೆಗೆದುಕೊಂಡು ಹಿತ್ತಲಿಗೆ ಹೋದೆ. ನಮ್ಮ ಮನೆ ಊರಿನ ಅಂಚಿನದು. ಹಿತ್ತಲು ದಾಟಿದರೆ ಕಣ, ಕಣದಾಚೆ ಕಡಲೆ ಕಿತ್ತ ಎರೆಹೊಲ. ಚೆಂಡಿಲ್ಲದೆ ಬರೀ ಗಾಳಿಗೆ ಹತ್ತು ಸಲ ಬೀಸಿದೆ, ಅಷ್ಟೇ. ಅದು ಊರಿಗೆಲ್ಲ ಗೊತ್ತಾಗಲು ಒಂದು ಹೊತ್ತೂ ಹಿಡಿಯಲಿಲ್ಲ.

ಅವ್ವನನ್ನು ಮಾತಾಡಿಸಲು ಆ ದಿನಗಳಲ್ಲಿ ಕೊಪ್ಪಳ, ಗಂಗಾವತಿ, ಕುಷ್ಟಗಿ ಎಂದು ಎಲ್ಲ ಕಡೆಯ ಬಳಗ ಬರುತ್ತಿತ್ತು. ಕುಷ್ಟಗಿಯಿಂದ ಬಂದ ದೊಡ್ಡಮ್ಮ, ದಾಳಿಂಬೆಯ ಚೀಲ ಇಳಿಸುತ್ತಿದ್ದಂತೆಯೇ, ನನಗೆ ಕೇಳಿಸುವ ಹಾಗೆ ತಮ್ಮನ ಹೆಂಡತಿಗೆ ಹೇಳಿದಳು: ‘ಅವ್ವ ಹಾಸಿಗಿ ಹಿಡದಾಳ, ಮಗಳು ಚೆಂಡಾಟ ಆಡ್ತಾಳಂತ. ಕಾಲ ಬಂತು ನೋಡವ್ವ.’

ನಾನು ಕೋಲನ್ನು ಬಾಗಿಲ ಹಿಂದೆ ನಿಲ್ಲಿಸಿದೆ. ಮೂರು ದಿನ ಮುಟ್ಟಲಿಲ್ಲ.

ಹೆಣ್ಣುಮಕ್ಕಳ ಆಟ ಜನರ ಕಣ್ಣಿಗೆ ಚುಚ್ಚುವುದು ಇಂದಿನ ಮಾತಲ್ಲ. ಈ ಆಟ ಹುಟ್ಟಿ ಬೆಳೆದ ಸ್ಕಾಟ್ಲೆಂಡಿನಲ್ಲಿ 1457ರಲ್ಲಿ ರಾಜನೇ ಇದನ್ನು ನಿಷೇಧಿಸಿದ್ದ. ಗಂಡಸರು ಬಿಲ್ಲುವಿದ್ಯೆ ಬಿಟ್ಟು ಇದರ ಹಿಂದೆ ಬಿದ್ದಿದ್ದಾರೆ ಎಂಬ ಕಾರಣಕ್ಕೆ. ಆದರೆ ನೂರು ವರ್ಷಗಳ ನಂತರ ಅಲ್ಲಿನ ರಾಣಿ ಮೇರಿಯ ಮೇಲೆ ಬಂದ ಆಪಾದನೆ ಬೇರೆಯದು. 1567ರಲ್ಲಿ ಆಕೆಯ ಗಂಡನ ಕೊಲೆಯಾಯಿತು. ಗಂಡ ಸತ್ತ ಕೆಲವೇ ದಿನಗಳಲ್ಲಿ ಈಕೆ ಗಾಲ್ಫ್ ಆಡಿದಳು ಎಂದು ವೈರಿಗಳು ದೂರಿನ ಪಟ್ಟಿಯಲ್ಲಿ ಸೇರಿಸಿದರು. ಗಂಡಸಿನ ಆಟ ರಾಜ್ಯಕ್ಕೆ ನಷ್ಟವಾದರೆ ಹೆಂಗಸಿನ ಆಟ ಅವಳ ನಡತೆಗೆ ಸಾಕ್ಷಿಯಾಯಿತು. ಅದು ರಾಣಿಯ ಮಾತು, ನನ್ನಂಥವಳ ಪಾಡೇನು? ನಿಜ ಹೇಳಬೇಕೆಂದರೆ, ದೊಡ್ಡಮ್ಮ ಆಡಿದ ಮಾತು ನನ್ನೊಳಗೇ ಮೊದಲು ಹುಟ್ಟಿತ್ತು. ಅದಕ್ಕೇ ಅದು ಅಷ್ಟು ನಾಟಿತು.

ನಾಲ್ಕನೆಯ ರಾತ್ರಿ ಅವ್ವನ ಕಾಲಿಗೆ ಎಣ್ಣೆ ಹಚ್ಚುತ್ತಿದ್ದೆ.

‘ಸೊಟ್ಟ ಕೋಲು ಎಲ್ಲೈತಿ?’ ಎಂದಳು.

‘ಐತಿ ಬೇ, ಬಾಗಲ ಹಿಂದ.’

‘ನಿಮ್ಮ ದೊಡ್ಡಮ್ಮ ಅಂದಿದ್ದು ನನಗೂ ಕೇಳಿಸೈತಿ.’ ಸ್ವಲ್ಪ ಹೊತ್ತು ಸುಮ್ಮನಿದ್ದು ಮುಂದುವರಿಸಿದಳು. ‘ನಿಮ್ಮಪ್ಪಗ ವಿಷಮಜ್ವರ ಬಂದು ಕೊಪ್ಪಳದ ದವಾಖಾನ್ಯಾಗ ಇದ್ದಾಗ ನೀ ತೊಟ್ಟಿಲದಾಗ ಇದ್ದಿ. ನನ್ನ ಅಲ್ಲಿಗೆ ಕಳಿಸಲಿಲ್ಲ. ಕೂಸು ಮಲಗಿತ್ತು, ಮಧ್ಯಾಹ್ನ ಹೊತ್ತು ಹೋಗವಲ್ದು. ಓಣಿ ಹೆಣ್ಣುಮಕ್ಕಳು ಕರದ್ರು, ಕಟ್ಟಿ ಮ್ಯಾಲ ಕೂತು ಒಂದಾಟ ಚೌಕಾಬಾರ ಆಡಿದೆ. ಒಂದ ಆಟ. ಗಂಡ ಜ್ವರದಾಗ ಬೇಯಾಕತ್ಯಾನ, ಈಕಿ ಕವಡಿ ಆಡ್ತಾಳ ಅಂತ ನಮ್ಮತ್ತಿ ಸಾಯೂತನ ಅಂದ್ಲು. ಅವತ್ತು ಬಿಟ್ಟಾಕಿ ನಾ ಕವಡಿ ಮುಟ್ಟಿಲ್ಲ. ಗಂಗಾವತಿಯಿಂದ ನಮ್ಮವ್ವ ಕೊಟ್ಟ ಕವಡಿ ಅವು. ಇನ್ನೂ ಟ್ರಂಕಿನಾಗ ಅದಾವು.’

ಅವ್ವ ಚೌಕಾಬಾರ ಆಡುತ್ತಿದ್ದಳೆಂಬುದೇ ನನಗೆ ಗೊತ್ತಿರಲಿಲ್ಲ. ಕಾಲುವೆಯ ನೀರಿನ ಗಂಗಾವತಿಯಿಂದ, ಭತ್ತದ ಗದ್ದೆಗಳ ನಡುವಿನಿಂದ ಈ ಒಣಬೇಸಾಯದ ಊರಿಗೆ ಮದುವೆಯಾಗಿ ಬಂದವಳು ಅನ್ನ ಬಿಟ್ಟು ರೊಟ್ಟಿಗೆ ಹೊಂದಿಕೊಂಡ ಕತೆಯನ್ನು ನೂರು ಸಲ ಹೇಳಿದ್ದಾಳೆ. ಇದನ್ನು ಹೇಳಿರಲಿಲ್ಲ.

‘ನಾಳೆ ಆಡು’ ಎಂದಳು. ‘ನಾನೂ ನೋಡ್ತೀನಿ, ಏನಂಥಾ ಆಟ ಅಂತ.’

ಆಗ ನಾನು ಅವಳಿಗೆ ಅದಿತಿ ಅಶೋಕಳ ಕತೆ ಹೇಳಿದೆ. ಐದಾರು ವರ್ಷದವಳಿದ್ದಾಗ ಬೆಂಗಳೂರಿನ ಗಾಲ್ಫ್ ಮೈದಾನದ ಪಕ್ಕದ ಹೋಟೆಲಿಗೆ ಅಪ್ಪ ಅಮ್ಮನ ಜೊತೆ ತಿಂಡಿಗೆ ಹೋದ ಹುಡುಗಿ, ಅಲ್ಲಿ ಆಡುವವರನ್ನು ಕಂಡು ತಾನೂ ಆಡುತ್ತೇನೆಂದಳು. ಹದಿನೆಂಟನೆಯ ವಯಸ್ಸಿಗೆ 2016ರ ರಿಯೋ ಒಲಿಂಪಿಕ್ಸಿನಲ್ಲಿ ಆಡಿದಾಗ ಅಪ್ಪ ಅವಳ ಚೀಲ ಹೊತ್ತಿದ್ದರು. ಟೋಕಿಯೋ ಒಲಿಂಪಿಕ್ಸು 2021ರ ಆಗಸ್ಟಿನಲ್ಲಿ ನಡೆದಾಗ ಚೀಲ ಹೊತ್ತವರು ಅಮ್ಮ. ಅದಕ್ಕೆ ಸ್ವಲ್ಪ ಮೊದಲು ಹುಡುಗಿಗೆ ಕೊರೊನಾ ಬಂದು ಹೋಗಿತ್ತು. ಮೈಯಲ್ಲಿ ಮೊದಲಿನ ಕಸುವಿರಲಿಲ್ಲ, ಚೆಂಡು ಮೊದಲಿನಷ್ಟು ದೂರ ಹೋಗುತ್ತಿರಲಿಲ್ಲ. ದೂರದಲ್ಲಿ ಕಳೆದುಕೊಂಡದ್ದನ್ನು ಕುಳಿಯ ಹತ್ತಿರದ ನಾಜೂಕಿನಲ್ಲಿ ತುಂಬಿಕೊಳ್ಳುತ್ತಾ ನಾಲ್ಕು ದಿನ ಆಡಿ ನಾಲ್ಕನೆಯವಳಾದಳು. ಒಂದೇ ಒಂದು ಪೆಟ್ಟಿನಿಂದ ಪದಕ ತಪ್ಪಿತು. ಆ ಶನಿವಾರ ಬೆಳಿಗ್ಗೆ ಟಿ.ವಿ. ಮುಂದೆ ಕೂತಿದ್ದ ನನ್ನ ಒಲೆಯ ಮೇಲಿನ ಹಾಲು ಉಕ್ಕಿ ಸೀದು ಹೋದದ್ದೂ ತಿಳಿಯಲಿಲ್ಲ.

‘ಅವರವ್ವ ಚೀಲ ಹೊತ್ತಳೇನು?’ ಅವ್ವನಿಗೆ ಪದಕಕ್ಕಿಂತ ಇದು ಮುಖ್ಯವಾಯಿತು. ‘ನನಗ ಹೊರಾಕ ಆಗೂದಿಲ್ಲವ್ವ. ಲೆಕ್ಕ ಹಿಡೀತೀನಿ.’

ಹೀಗೆ ಐದು ವಾರಗಳ ಬಳಿಕ ನನ್ನ ಮೊದಲ ಸುತ್ತು ಮೈಸೂರಿನ ಹಸಿರು ಹುಲ್ಲಿನ ಮೇಲೆ ನಡೆಯಲಿಲ್ಲ. ನಮ್ಮ ಹಿತ್ತಲಿನ ಹಿಂದಿನ ಎರೆಹೊಲದಲ್ಲಿ ನಡೆಯಿತು. ಈಗ ರಾಶಿ ಮಾಡಲು ಮಷೀನು ಬರುತ್ತದೆ, ಕಣ ಮಾಡುವವರು ಕಡಿಮೆ. ಆದರೂ ಅವ್ವನ ಹಟಕ್ಕೆ ನಮ್ಮ ಮನೆಯಲ್ಲಿ ಸಂಡಿಗೆ, ಮೆಣಸಿನಕಾಯಿ ಒಣಗಿಸಲೆಂದು ಆ ಕಣವನ್ನು ಸಗಣಿ ಸಾರಿಸಿ ಇಟ್ಟುಕೊಂಡಿದ್ದಾರೆ. ತಮ್ಮನ ಮಗ, ಹನ್ನೊಂದು ವರ್ಷದ ಪೋರ, ಕಣದ ನಡುವೆ ಕುಳಿ ತೋಡಿದ. ಗಾಲ್ಫಿನ ಕುಳಿಯ ಅಗಲ ನಾಲ್ಕೂಕಾಲು ಇಂಚು ಎಂದೆ. ಅವನು ಅಳತೆಪಟ್ಟಿ ಹುಡುಕುವ ಬದಲು ಅಡುಗೆ ಮನೆಯಿಂದ ಒಂದು ಸಣ್ಣ ತಂಬಿಗೆ ತಂದು ಅದು ಕೂಡುವಷ್ಟು ತೋಡಿದ. ಸರಿಯಾಗಿಯೇ ಇತ್ತು.

ಆಟದ ದಾರಿಯನ್ನೂ ನಿಗದಿ ಮಾಡಿದೆವು. ಮೂಡಣ ಒಡ್ಡಿನಿಂದ ಬನ್ನಿಮರದವರೆಗೆ ಒಂದು, ಬನ್ನಿಮರದಿಂದ ಬೋರಿನ ಮೋಟಾರು ಕೋಣೆಯವರೆಗೆ ಎರಡು, ಅಲ್ಲಿಂದ ಕಣದ ಕುಳಿಗೆ ಮೂರು. ಮರಕ್ಕೂ ಗೋಡೆಗೂ ಚೆಂಡು ತಾಗಿದರೆ ಸಾಕು; ಕಣದಲ್ಲಿ ಮಾತ್ರ ಕುಳಿಯೊಳಗೇ ಬೀಳಬೇಕು. ಇದನ್ನೇ ಮೂರು ಸಲ ಸುತ್ತಿದರೆ ಒಂಬತ್ತು. ಅವ್ವನನ್ನು ಕುರ್ಚಿಯಲ್ಲಿ ಎತ್ತಿಕೊಂಡು ಬಂದು ಕಣದ ಅಂಚಿನ ಬೇವಿನ ನೆರಳಲ್ಲಿ ಹೊರಸಿನ ಮೇಲೆ ಕೂಡಿಸಿದೆವು. ಪಕ್ಕದಲ್ಲಿ ವಾಕರ್, ಉಡಿಯಲ್ಲಿ ಒಂದು ಹಿಡಿ ಕಡಲೆಕಾಳು, ಮುಂದೆ ಒಂದು ಖಾಲಿ ಬಟ್ಟಲು. ಒಂದು ಪೆಟ್ಟಿಗೆ ಒಂದು ಕಾಳು. ದೂರದ ಪೆಟ್ಟುಗಳನ್ನು ಹುಡುಗ ಕೂಗಿ ಹೇಳಬೇಕು.

ಒಡ್ಡಿನ ಮೇಲೆ ನಿಂತೆ. ಎಂದೂ ಇಲ್ಲದ ಅಂಜಿಕೆ. ಚೆಂಡಿನ ತೂಕ ಐವತ್ತು ಗ್ರಾಂ ಕೂಡ ಇಲ್ಲ. ಆ ದಿನ ಅದು ಗುಂಡುಕಲ್ಲಿನ ಹಾಗೆ ಕಂಡಿತು. ಬೀಸಿದೆ. ಒಂದು ಕಡಲೆಯ ಬೇರು, ಹಿಡಿ ಮಣ್ಣು ಹಾರಿದವು. ಚೆಂಡು ಕೂತಲ್ಲೇ ಕೂತಿತ್ತು.

‘ಅತ್ತಿ, ತಾಗಲೇ ಇಲ್ಲ! ಇದನ್ನ ಹಿಡೀಬೇಕೇನು?’ ಎಂದು ಹುಡುಗ ಕೂಗಿದ.

ನಿಯಮದ ಪ್ರಕಾರ ಹಿಡಿಯಬೇಕು. ಹೊಡೆಯಬೇಕೆಂದು ಬೀಸಿದ್ದು ತಪ್ಪಿದರೂ ಒಂದು ಪೆಟ್ಟೇ. ನಾನು ಹೇಳುವ ಮೊದಲೇ ಬೇವಿನ ಕೆಳಗಿಂದ ಅವ್ವನ ದನಿ ಬಂತು: ‘ಕೈ ಎತ್ತಿದ್ದು ಸುಳ್ಳೇನು? ಹಾಕೀನಿ ಒಂದು.’

ಎರಡನೆಯದು ಹತ್ತು ಮಾರು ಉರುಳಿತು. ಮೂರನೆಯದು ಬಲಕ್ಕೆ ಹಾರಿ ಪಕ್ಕದವರ ಹೊಲದ ಜೋಳದ ಕೂಳೆಯೊಳಗೆ ಬಿತ್ತು. ಮೈಸೂರಿನಲ್ಲಿ ಇದೇ ಕೋಲಿನಿಂದ ನೂರು ಗಜದ ಹತ್ತಿರ ಹೊಡೆಯುತ್ತಿದ್ದವಳಿಗೆ ಇಲ್ಲಿ ಅರವತ್ತು ದಾಟಲಿಲ್ಲ. ಐದು ವಾರ ರೋಗಿಯನ್ನು ಎತ್ತಿ ಇಳಿಸಿದ ಸೊಂಟ ತಿರುಗಲೊಲ್ಲದು. ರಾತ್ರಿಗಳ ನಿದ್ದೆಗೇಡು ಭುಜಗಳಲ್ಲಿ ಕೂತಿತ್ತು. ಯಾವುದು ಹಿಂದೆ ತಾನಾಗಿ ಆಗುತ್ತಿತ್ತೋ ಅದನ್ನು ಈಗ ನೆನಪು ಮಾಡಿಕೊಂಡು ಮಾಡಬೇಕು. ತಲೆ ಕೆಳಗೆ, ಎಡಗೈ ನೆಟ್ಟಗೆ, ಅವಸರ ಬೇಡ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿರುವಾಗ ಥಟ್ಟನೆ ಹೊಳೆಯಿತು: ಇದೇ ದನಿಯಲ್ಲಿ ನಾನು ದಿನವೂ ಅವ್ವನಿಗೆ ಹೇಳುತ್ತಿದ್ದೆ. ವಾಕರ್ ಮೊದಲು, ನೋಯುವ ಕಾಲು ಆಮೇಲೆ, ನೆಟ್ಟಗೆ ನಿಲ್ಲು, ಕೆಳಗೆ ನೋಡಬೇಡ. ಎಪ್ಪತ್ತಾರು ವರ್ಷ ತಾನಾಗಿ ಆಗಿದ್ದ ನಡಿಗೆಯನ್ನು ಬೇರೆಯವರ ಬಾಯಿಂದ ಕೇಳಿ ಕಲಿಯುವುದೆಂದರೆ ಹೇಗಿರಬೇಡ! ಅದಕ್ಕೆ ನಾನು ಗದರಿಸಿದ್ದೆ.

ಎರಡನೆಯ ಸುತ್ತಿನಲ್ಲಿ ಒಂದು ಚೆಂಡು ನೆಲದ ಬಿರುಕಿನೊಳಗೆ ಇಳಿದುಹೋಯಿತು. ಬೇಸಿಗೆ ಹತ್ತಿರವಾದಾಗ ಎರೆಭೂಮಿ ಬಾಯಿ ಬಿಡುವುದು ನಿಮಗೆ ಗೊತ್ತು. ನೀರು ಆರಿದಂತೆ ಮಣ್ಣು ಕುಗ್ಗಿ ಒಡೆಯುತ್ತದೆ. ಹುಡುಗ ಮೊಣಕೈವರೆಗೆ ಕೈ ಹಾಕಹೊರಟ. ಚೇಳಿದ್ದೀತೆಂದು ನಾನು ತಡೆದೆ. ಚೆಂಡು ಕಳೆದರೆ ದಂಡವಾಗಿ ಇನ್ನೊಂದು ಪೆಟ್ಟು ಸೇರಿಸಿಕೊಂಡು ಮತ್ತೆ ಮೊದಲಿನ ಜಾಗದಿಂದ ಹೊಡೆಯಬೇಕು. ‘ದಂಡಕ್ಕ ಒಂದು ಕಾಳು’ ಎಂದು ಅವ್ವ ಹಾಕಿದಳು. ‘ಮುಂದಿನ ವರ್ಷ ಅಲ್ಲಿ ನಿಮ್ಮತ್ತಿ ಚೆಂಡಿನ ಗಿಡ ಹುಟ್ಟತೈತಿ ನೋಡು’ ಎಂದು ಹುಡುಗನಿಗೆ ಹೇಳಿ ನಕ್ಕಳು. ಆಪರೇಷನ್ನಿನ ನಂತರ ಆಕೆ ನಕ್ಕದ್ದನ್ನು ನಾನು ಅಂದೇ ಕೇಳಿದ್ದು.

ಕೊನೆಯ ಸುತ್ತಿಗೆ ಮೈ ಸ್ವಲ್ಪ ಸಡಿಲವಾಯಿತು. ಮೋಟಾರು ಕೋಣೆಯಿಂದ ಹೊಡೆದ ಒಂದು ಚೆಂಡು, ಇಡೀ ಬೆಳಗಿಗೆ ಒಂದೇ ಒಂದು, ಕೋಲಿನ ನಡುವಿಗೆ ಕೂತು, ಕೈಗೆ ಭಾರವೇ ತಿಳಿಯದಂತೆ ಎದ್ದು, ಬೇವಿನ ಮರದ ಎತ್ತರಕ್ಕೆ ಹೋಗಿ ಕಣದ ಅಂಚಿಗೆ ಇಳಿಯಿತು. ಈ ಒಂದು ಪೆಟ್ಟಿಗಾಗಿಯೇ ಜನ ಉಳಿದ ನೂರನ್ನು ಸಹಿಸುತ್ತಾರೆ.

ಆದರೆ ಸಾರಿಸಿದ ಕಣ ನುಣ್ಣಗೆ ಜಾರುತ್ತಿತ್ತು. ಅಲ್ಲಿಗೆ ಬೇಕಾದ ಕೋಲು ಬೇರೆ, ನನ್ನಲ್ಲಿದ್ದುದು ಇದೊಂದೇ. ತಟ್ಟಿದರೆ ಚೆಂಡು ಕುಳಿ ದಾಟಿ ಆಚೆ, ಮತ್ತೆ ತಟ್ಟಿದರೆ ಈಚೆ. ನಾಲ್ಕು ಸಲ ಹಾಗಾದಾಗ ಅವ್ವನಿಗೆ ತಡೆಯಲಾಗಲಿಲ್ಲ.

‘ಅಯ್ಯ, ಹಗೂರ ಬೇ! ರೊಟ್ಟಿ ಅಂಚಿಗೆ ಬಂದಾಗ ಕೈ ಹೆಂಗ ಮಾಡ್ತೀ? ಹಂಗ.’

ಉಸಿರು ಬಿಟ್ಟು, ರೊಟ್ಟಿಯ ಅಂಚು ತಟ್ಟಿದ ಹಾಗೆ ತಟ್ಟಿದೆ. ಚೆಂಡು ನಿಧಾನವಾಗಿ ಉರುಳಿ, ಕುಳಿಯ ಬಾಯಲ್ಲಿ ಒಂದು ಗಳಿಗೆ ನಿಂತಿತು.

‘ಬಿತ್ತೇನು?’

ಬಿತ್ತು ಎನ್ನಲು ನಾನು ತಿರುಗಿದೆ. ಅವ್ವ ಹೊರಸಿನ ಮೇಲಿರಲಿಲ್ಲ. ವಾಕರ್ ಹಿಡಿದು ಎದ್ದು, ಕುಳಿ ನೋಡಲು ಬರುತ್ತಿದ್ದಳು. ಕಣದಲ್ಲಿದ್ದ ಮೂವರೂ ಬಾಯಿ ಬಿಡಲಿಲ್ಲ. ತಮ್ಮನ ಹೆಂಡತಿ ಚಹಾದ ತಾಟು ಹಿಡಿದು ಹಿತ್ತಲ ಬಾಗಿಲಲ್ಲೇ ನಿಂತುಬಿಟ್ಟಳು. ನಾನು ಮಾತ್ರ ಬಿದ್ದರೆ ಹಿಡಿಯುವಷ್ಟು ಹತ್ತಿರಕ್ಕೆ ಹೋಗಿ ಪಕ್ಕದಲ್ಲಿ ನಡೆದೆ. ಅವ್ವ ಕುಳಿಯವರೆಗೆ ಬಂದು, ಬಗ್ಗಲಾರದೆ ಕತ್ತು ಚಾಚಿ ಒಳಗೆ ನೋಡಿದಳು.

‘ಬಿದ್ದೈತಿ’ ಎಂದಳು. ಆಮೇಲೆ ತಾನು ಎದ್ದುಬಂದ ಹೊರಸಿನ ಕಡೆ ತಿರುಗಿ ನೋಡಿ, ಅಷ್ಟು ದೂರ ಬಂದದ್ದು ಅವಳಿಗೇ ಆಗ ತಿಳಿದಂತೆ, ಸುಮ್ಮನೆ ನಿಂತಳು.

ಹುಡುಗ ಎಣಿಸಿದ್ದ. ಹತ್ತೊಂಬತ್ತು ಹೆಜ್ಜೆ.

ಬಟ್ಟಲಿನ ಕಾಳುಗಳನ್ನೂ ಎಣಿಸಿದೆವು. ಅರವತ್ತೆಂಟು. ಮೂರೂ ಸುತ್ತಿಗೆ ಮೂವತ್ತಾರು ಸಾಕೆಂದು ನಾನು ಅಂದುಕೊಂಡಿದ್ದೆ. ಅವ್ವ ನನ್ನ ಮುಖ ನೋಡಿ, ‘ಅದರಾಗ ಒಂದೂ ಸುಳ್ಳಿಲ್ಲ’ ಎಂದಳು. ಆಮೇಲೆ ಕೇಳಿದಳು, ‘ನಿನ್ನ ಆಟದಾಗ ಕಡಿಮಿ ಆದ್ರ ಗೆದ್ದಂಗ ಅಂದಿಯಲ್ಲ? ನನ್ನದರಾಗ ಹೆಚ್ಚಾದ್ರ ಗೆದ್ದಂಗ. ಹೌದಿಲ್ಲೋ?’

ಅಂದಿನಿಂದ ನಾನು ಊರು ಬಿಡುವವರೆಗೆ ಎರಡೂ ಹೊತ್ತು ಕಣದಲ್ಲಿ ಆಟ. ಕುಳಿಯನ್ನು ಹುಡುಗ ದಿನಕ್ಕೊಂದು ಕಡೆ, ಹೊರಸಿನಿಂದ ಸ್ವಲ್ಪ ಸ್ವಲ್ಪ ದೂರಕ್ಕೆ ತೋಡುತ್ತಿದ್ದ. ಹಾಗೆ ಮಾಡೆಂದು ಅವನಿಗೆ ಯಾರೂ ಹೇಳಿರಲಿಲ್ಲ. ದೊಡ್ಡಮ್ಮ ಇನ್ನೊಮ್ಮೆ ಬಂದವಳು ಕಣದಲ್ಲಿ ನಡೆಯುತ್ತಿದ್ದ ತಂಗಿಯನ್ನು ಕಂಡು, ನನ್ನ ಕೋಲನ್ನು ಕಂಡು, ಏನನ್ನೋ ಹೇಳಲು ಹೋಗಿ ಚಹಾ ಕುಡಿದಳು.

ನಾನು ಹೊರಡುವ ದಿನ ಅವ್ವ ಟ್ರಂಕು ತೆಗೆಸಿದಳು. ಹಳೆಯ ಇಳಕಲ್ಲ ಸೀರೆಯ ಮಡಿಕೆಯಲ್ಲಿ ಬಟ್ಟೆಗಂಟು, ಅದರೊಳಗೆ ಆರು ಕವಡೆ. ಅಜ್ಜಿಗೂ ಮೊಮ್ಮಗನಿಗೂ ಕಟ್ಟೆಯ ಮೇಲೆ ಸೀಮೆಸುಣ್ಣದಲ್ಲಿ ಮನೆ ಬರೆದುಕೊಟ್ಟು ನಾನು ಕೊಪ್ಪಳದ ಬಸ್ಸು ಹತ್ತಿದೆ.

ಮೈಸೂರಿನಲ್ಲಿ ಮೊದಲ ದಿನ ಆಡಿದ ಹದಿನೆಂಟು ಕುಳಿಗೆ 121 ಪೆಟ್ಟು. ಜೊತೆಯವರು, ‘ಎಷ್ಟೋ ವಾರ ಬಿಟ್ಟಿದ್ದಿರಲ್ಲ, ಹಾಗಾಗುತ್ತೆ’ ಎಂದು ಸಮಾಧಾನ ಹೇಳಿದರು. ನಾನು ಚೀಟಿಯಲ್ಲಿ 121 ಎಂದೇ ಬರೆದು ಮನೆಗೆ ಬಂದು ಫೋನು ಮಾಡಿದೆ.

‘ನನ್ನದು ನೂರಾ ನಲವತ್ತು’ ಎಂದಳು ಅವ್ವ. ‘ಬಾಗಲದಿಂದ ಕಣ, ಕಣದಿಂದ ಬಾಗಲ. ನಾನ ಗೆದ್ದೆ.’ ಹಿಂದಿನಿಂದ ಹುಡುಗನ ದನಿ ಕೇಳಿಸಿತು, ‘ಅಜ್ಜಿ, ಫೋನು ಇಡು, ನಿನ್ನ ಪಾಳಿ ಬಂತು.’

ಫೋನು ಇಟ್ಟುಬಿಟ್ಟಳು.